ಬಚ್ಚಲ ನೆಲದ ನೀರು ಎಲ್ಲಿಗೆ ಹೋಗುತ್ತದೆ? ಹುಡುಕೋಣ, ಸರಿಪಡಿಸೋಣ

ಮಕ್ಕಳೇ, ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಳೆ ಕಡಿಮೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಿದ್ದರೆ ಅದೇ ದೊಡ್ಡದು. ಬೋರ್‌ವೆಲ್ ನೀರನ್ನು ಕೊಡ ಲೆಕ್ಕದಲ್ಲಿ ಬಳಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊರಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಆದರೆ ಅದೇ ಮನೆಯ ಬಚ್ಚಲ ಪಕ್ಕದ ಗೋಡೆ ಮುಟ್ಟಿ ನೋಡಿ, ಒದ್ದೆ! ಸುಣ್ಣ ಉದುರಿರುತ್ತದೆ, ಬಿಳಿ ಪುಡಿ ಎದ್ದಿರುತ್ತದೆ, ನೆಲದ ಒಂದು ಚಪ್ಪಡಿ ಕಾಲಿಟ್ಟರೆ ಅಲ್ಲಾಡುತ್ತದೆ.

ಇದು ಬರೀ ನೋಡಲು ಚೆನ್ನಾಗಿಲ್ಲ ಅನ್ನುವ ಮಾತಲ್ಲ. ಅಲ್ಲಾಡುವ ಚಪ್ಪಡಿಯ ಮೇಲೆ ಅಜ್ಜಿ ಕಾಲು ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಮಣ್ಣಿನಲ್ಲಿ ಕಟ್ಟಿದ ಗೋಡೆಯ ಬುಡ ಒದ್ದೆಯಾದರೆ ಗೋಡೆಯೇ ಕುಸಿಯಬಹುದು. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಕರೆಂಟ್ ಹೊಡೆಯಬಹುದು. ಹಾಗಾಗಿ ಈ ಪಾಠವನ್ನು ಪುಸ್ತಕದಲ್ಲಿ ಮಾತ್ರ ಓದದೆ ನಿಮ್ಮ ಮನೆಯ ಬಚ್ಚಲಲ್ಲೇ ಓದಬೇಕು.

"ಸಾರ್, ಒಡೆದ ಜಾಗಕ್ಕೆ ಮೇಲೆ ಸ್ವಲ್ಪ ಸಿಮೆಂಟ್ ಬಳಿದ್ರೆ ಆಯ್ತಲ್ವಾ?" ಎಂದು ನೀವು ಕೇಳಬಹುದು. ಆಗಲ್ಲ. ನೀರು ಎಲ್ಲಿಂದ ನುಗ್ಗುತ್ತಿದೆ ಅಂತ ಗೊತ್ತಿಲ್ಲದೆ ಬಳಿದ ಸಿಮೆಂಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಜ್ವರ ಯಾಕೆ ಬಂತು ಅಂತ ನೋಡದೆ ಮಾತ್ರೆ ನುಂಗಿದ ಹಾಗೆ ಅದು. ಮೊದಲು ಕಾರಣ ಹುಡುಕಬೇಕು, ಆಮೇಲೆ ಕರಣೆ ಹಿಡಿಯಬೇಕು.

1. ನಮ್ಮ ಬಚ್ಚಲ ನೆಲದ ಒಳಗೆ ಏನಿದೆ?

ನಮ್ಮ ಕಡೆಯ ಹೆಚ್ಚಿನ ಹಳೆಯ ಮನೆಗಳ ಬಚ್ಚಲಿಗೆ ಹಾಸಿರುವುದು ಕಡಪ ಕಲ್ಲು. ತೆಲುಗಿನಲ್ಲಿ ಇದಕ್ಕೆ ನಾಪರಾಯಿ ಎನ್ನುತ್ತಾರೆ. ನಮ್ಮ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಈ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಗಳು ಇವೆ. ಇದು ಸುಣ್ಣಕಲ್ಲಿನ ಜಾತಿ. ಅಂದರೆ ಇದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲ್ಲಿನ ಕೆಳಗೆ ಸಿಮೆಂಟ್ ಮತ್ತು ಮರಳಿನ ಗಾರೆ, ಅದರ ಕೆಳಗೆ ಜಲ್ಲಿ ಅಥವಾ ತುಂಬಿದ ಮಣ್ಣು. ಎರಡು ಕಲ್ಲುಗಳ ನಡುವೆ ಸಂದು. ಆ ಸಂದಿಗೆ ಸಿಮೆಂಟ್ ತುಂಬಿರುತ್ತಾರೆ. ಪಾಲಿಶ್ ಮಾಡಿದ ಒಳ್ಳೆಯ ಕಲ್ಲು ತನ್ನ ಮೂಲಕ ನೀರನ್ನು ಸುಲಭವಾಗಿ ಬಿಡುವುದಿಲ್ಲ. ನೀರು ಇಳಿಯುವುದು ಸಾಮಾನ್ಯವಾಗಿ ಮೂರು ಕಡೆ: ಕಲ್ಲುಗಳ ನಡುವಿನ ಸಂದಿನಲ್ಲಿ, ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ, ನೀರು ಹೊರಗೆ ಹೋಗುವ ತೂಬಿನ ಸುತ್ತ. ಇನ್ನೊಂದು ಸಾಧ್ಯತೆ, ಗೋಡೆಯೊಳಗಿನ ಪೈಪ್ ಸೋರುವುದು.

ಸಂದಿನಿಂದ ಇಳಿದ ನೀರು ಕೆಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮಣ್ಣು ಕುಗ್ಗುತ್ತದೆ. ಚಪ್ಪಡಿಯ ಕೆಳಗೆ ಟೊಳ್ಳಾಗುತ್ತದೆ. ಕಾಲಿಟ್ಟಾಗ ಚಪ್ಪಡಿ ಅಲ್ಲಾಡುತ್ತದೆ, ಸಂದು ಇನ್ನೂ ಅಗಲ ಆಗುತ್ತದೆ, ಇನ್ನೂ ಹೆಚ್ಚು ನೀರು ಇಳಿಯುತ್ತದೆ. ಹೀಗೆ ಕೂದಲೆಳೆಯಷ್ಟು ಸಂದು ಒಂದೆರಡು ವರ್ಷದಲ್ಲಿ ಬೆರಳು ತೂರುವಷ್ಟಾಗಬಹುದು.

2. ಕೆಳಗೆ ಇಳಿದ ನೀರು ಗೋಡೆ ಹತ್ತುವುದು ಹೇಗೆ?

ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಬಚ್ಚಲ ಪಕ್ಕದ ಗೋಡೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಒದ್ದೆಯಾಗಿರುತ್ತದೆ. ಇದು ಹೇಗೆ?

ಚಟುವಟಿಕೆ 1: ಒಂದು ಒಣ ಇಟ್ಟಿಗೆ, ಒಂದು ಕಡಪ ಕಲ್ಲಿನ ಚೂರು, ಒಂದು ಗ್ರಾನೈಟ್ ಚೂರು ತಗೊಳ್ಳಿ. ಒಂದು ತಟ್ಟೆಯಲ್ಲಿ 1 ಸೆಂಟಿಮೀಟರ್ ನೀರು ಹಾಕಿ ಮೂರನ್ನೂ ನಿಲ್ಲಿಸಿ. 10 ನಿಮಿಷ, 30 ನಿಮಿಷ, 60 ನಿಮಿಷ ಆದ ಮೇಲೆ ಒದ್ದೆ ಎಷ್ಟು ಎತ್ತರ ಏರಿದೆ ಎಂದು ಪೆನ್ಸಿಲ್‌ನಿಂದ ಗುರುತು ಮಾಡಿ, ಅಳೆದು ಬರೆದುಕೊಳ್ಳಿ.

ಇಟ್ಟಿಗೆಯಲ್ಲಿ ನೀರು ತಾನಾಗಿಯೇ ಮೇಲೇರುವುದು ಕಾಣುತ್ತದೆ. ಕಲ್ಲುಗಳಲ್ಲಿ ಬಹಳ ಕಡಿಮೆ ಅಥವಾ ಏನೂ ಕಾಣುವುದಿಲ್ಲ. ಹಿಂದೂಪುರದ ಹತ್ತಿರದ ಲೇಪಾಕ್ಷಿಯ ದೊಡ್ಡ ಬಸವಣ್ಣ ಒಂದೇ ಗ್ರಾನೈಟ್ ಬಂಡೆಯಲ್ಲಿ ಕೆತ್ತಿದ್ದು. 16ನೇ ಶತಮಾನದಿಂದ ಬಯಲಿನಲ್ಲಿ ಮಳೆ ಬಿಸಿಲಿಗೆ ಕೂತಿದ್ದರೂ ಗಟ್ಟಿಯಾಗಿರಲು ಗ್ರಾನೈಟ್ ನೀರನ್ನು ಹೀರದಿರುವುದೂ ಒಂದು ಕಾರಣ.

ಇಟ್ಟಿಗೆ, ಗಾರೆ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಅವು ಒಂದಕ್ಕೊಂದು ಸೇರಿ ಸಣ್ಣ ಕೊಳವೆಗಳಂತೆ ಕೆಲಸ ಮಾಡುತ್ತವೆ. ನೀರಿನ ಅಣುಗಳು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತವೆ, ಮೇಲ್ಮೈ ಎಳೆತದಿಂದ ಉಳಿದ ನೀರೂ ಹಿಂದೆಯೇ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ಇದನ್ನು ಕೇಶಾಕರ್ಷಣೆ ಎನ್ನುತ್ತೇವೆ. ಕೊಳವೆ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರ ಏರುತ್ತದೆ. ಗಾಜಿನ ಕೊಳವೆಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

ತ್ರಿಜ್ಯ 1 ಮಿಲಿಮೀಟರ್ ಇದ್ದರೆ ಸುಮಾರು 1.5 ಸೆಂಟಿಮೀಟರ್ ಎತ್ತರ
ತ್ರಿಜ್ಯ 0.1 ಮಿಲಿಮೀಟರ್ ಇದ್ದರೆ ಸುಮಾರು 15 ಸೆಂಟಿಮೀಟರ್ ಎತ್ತರ
ತ್ರಿಜ್ಯ 0.01 ಮಿಲಿಮೀಟರ್ ಇದ್ದರೆ ಸುಮಾರು 1.5 ಮೀಟರ್ ಎತ್ತರ

ತ್ರಿಜ್ಯ ಹತ್ತು ಪಟ್ಟು ಕಡಿಮೆ ಆದರೆ ಎತ್ತರ ಹತ್ತು ಪಟ್ಟು ಹೆಚ್ಚು. ಇದು ವಿಲೋಮ ಅನುಪಾತ. ನಿಜವಾದ ಗೋಡೆಯಲ್ಲಿ ನೀರು ಏರುತ್ತಾ ಏರುತ್ತಾ ಆವಿಯೂ ಆಗುವುದರಿಂದ ಇಷ್ಟು ಎತ್ತರ ತಲುಪದೆ ಇರಬಹುದು. ಆದರೂ ಸಣ್ಣ ಬಿರುಕನ್ನು "ಇಷ್ಟೇ ಅಲ್ವಾ" ಅಂತ ಬಿಡಬಾರದು ಎನ್ನುವುದು ಈ ಲೆಕ್ಕದಿಂದ ಗೊತ್ತಾಗುತ್ತದೆ.

3. ಗೋಡೆಯ ಮೇಲಿನ ಬಿಳಿ ಪುಡಿ ಏನು?

ನಮ್ಮ ಬೋರ್‌ವೆಲ್ ನೀರು ಗಡಸು ನೀರು. ಅದರಲ್ಲಿ ಲವಣಗಳು ಕರಗಿರುತ್ತವೆ. ಇಟ್ಟಿಗೆ, ಸಿಮೆಂಟ್, ಮಣ್ಣಿನಲ್ಲೂ ಲವಣಗಳಿವೆ. ನೀರು ಇವನ್ನು ಹೊತ್ತುಕೊಂಡು ಗೋಡೆಯ ಮೇಲ್ಮೈಗೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಸುಣ್ಣದ ಪದರದ ಹಿಂದೆ ಲವಣದ ಹರಳುಗಳು ಬೆಳೆದಾಗ ಪದರವನ್ನು ಹೊರಗೆ ತಳ್ಳುತ್ತವೆ. ಗೋಡೆ ಪೊರೆ ಬಿಟ್ಟಂತೆ ಉದುರುವುದು ಇದಕ್ಕೇ.

ಚಟುವಟಿಕೆ 2: ಬಿಳಿ ಪುಡಿಯನ್ನು ಸ್ವಲ್ಪ ಕೆರೆದು ಎರಡು ಪಾಲು ಮಾಡಿ. ಒಂದನ್ನು ನೀರಿಗೆ ಹಾಕಿ ಕಲಕಿ. ಕರಗಿದರೆ ಅದು ನೀರಿನಲ್ಲಿ ಕರಗುವ ಲವಣ. ಇನ್ನೊಂದರ ಮೇಲೆ ನಿಂಬೆ ರಸ ಹಿಂಡಿ. ಗುಳ್ಳೆ ಬಂದರೆ ಅದರಲ್ಲಿ ಕಾರ್ಬೊನೇಟ್ ಇದೆ. ಪುಡಿಯನ್ನು ನಾಲಿಗೆಗೆ ಮಾತ್ರ ಹಚ್ಚಬೇಡಿ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಬಿಳಿ ಪುಡಿ ಕಂಡ ಜಾಗದ ಹಿಂದೆ ನೀರು ಓಡಾಡಿದೆ. ಅದನ್ನು ಒರೆಸಿ ಬಣ್ಣ ಹೊಡೆದರೆ ಗುರುತು ಮುಚ್ಚಿ ಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ.

4. ನೀರಿನ ದಾರಿ ಹುಡುಕುವುದು

ನಮ್ಮ ಅನುಮಾನ ಮೂರರ ಮೇಲಿದೆ: ಪೈಪ್, ನೆಲದ ಸಂದು, ತೂಬಿನ ಪೈಪ್. ವಿಜ್ಞಾನದ ನಿಯಮ ಏನು ಹೇಳುತ್ತದೆ? ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸು, ಉಳಿದದ್ದನ್ನು ಬದಲಾಯಿಸಬೇಡ.

ಪರೀಕ್ಷೆ ಅ, ಪೈಪ್: ರಾತ್ರಿ ಎಲ್ಲ ನಲ್ಲಿ ಕಟ್ಟಿ. ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ದೊಡ್ಡವರು ಕೋಲು ಇಳಿಸಿ ಗುರುತು ಮಾಡಲಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಲಿ. ಟ್ಯಾಂಕಿನ ವ್ಯಾಸ 1 ಮೀಟರ್ ಇದ್ದರೆ ಮಟ್ಟ 1 ಸೆಂಟಿಮೀಟರ್ ಇಳಿದಿದೆ ಎಂದರೆ ಸುಮಾರು 8 ಲೀಟರ್ ಹೋಗಿದೆ. ಮಟ್ಟ ಇಳಿದಿದ್ದರೆ ಪೈಪಿನಲ್ಲೋ ನಲ್ಲಿಯಲ್ಲೋ ಸೋರಿಕೆ ಇದೆ. ಅದನ್ನು ಸರಿ ಮಾಡಿಸಿ ಮುಂದಕ್ಕೆ ಹೋಗಿ.

ಪರೀಕ್ಷೆ ಆ, ನೆಲ: ಬಚ್ಚಲ ನೆಲವನ್ನು ಮೊದಲು ಚೆನ್ನಾಗಿ ನೆನೆಸಿ. ತೂಬಿನ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆಯ ಉಂಡೆ ಬಿಗಿಯಾಗಿ ತುರುಕಿ. ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿ, ತೂಬಿನ ಹತ್ತಿರ ಆಳವನ್ನು ಸ್ಕೇಲಿನಿಂದ ಅಳೆಯಿರಿ. ಪಕ್ಕದಲ್ಲಿ ಒಂದು ಅಗಲವಾದ ತಟ್ಟೆಯಲ್ಲೂ ನೀರು ಇಡಿ, ಅದರ ಆಳವನ್ನೂ ಬರೆದುಕೊಳ್ಳಿ. ಮೂರು ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ.

ತಟ್ಟೆ ಯಾಕೆ? ತಟ್ಟೆಯ ನೀರು ಆವಿಯಾಗಿ ಮಾತ್ರ ಕಡಿಮೆಯಾಗಲು ಸಾಧ್ಯ. ನೆಲದ ನೀರು ತಟ್ಟೆಯ ನೀರಿಗಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನ ನೀರು ನೆಲದೊಳಗೆ ಹೋಗಿದೆ. 1.5 ಮೀಟರ್ ಉದ್ದ, 1.2 ಮೀಟರ್ ಅಗಲದ ಬಚ್ಚಲಲ್ಲಿ ನೆಲದ ತುಂಬ ನಿಂತ ನೀರು 1 ಮಿಲಿಮೀಟರ್ ಇಳಿದರೆ 1.8 ಲೀಟರ್ ಹೋದಂತೆ. ಮಣ್ಣಿನ ಗೋಡೆಯ ಮನೆಯಾದರೆ ಈ ಪರೀಕ್ಷೆ ಬೇಡ, ನೀರು ನಿಲ್ಲಿಸಿದರೆ ಗೋಡೆಗೆ ಅಪಾಯ.

ಪರೀಕ್ಷೆ ಇ, ತೂಬು: ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ನಿಧಾನವಾಗಿ ತೂಬಿನೊಳಗೆ ಸುರಿಯಿರಿ. ಹೊರಗಿನ ಗೋಡೆಯ ಬುಡದಲ್ಲಿ, ಮೋರಿ ಸೇರುವ ದಾರಿಯಲ್ಲಿ ನೋಡುತ್ತಾ ಇರಿ. ಮೋರಿಗೆ ಬಾರದೆ ಗೋಡೆಯಲ್ಲಿ ಅಥವಾ ಮಣ್ಣಿನಲ್ಲಿ ನೀಲಿ ಕಂಡರೆ ತೂಬಿನ ಪೈಪ್ ಒಡೆದಿದೆ.

ಇದರ ಜೊತೆಗೆ ಚಪ್ಪಡಿಗಳನ್ನು ಒಂದೊಂದಾಗಿ ಮರದ ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ನೆಲ ಕುಳಿತಿರುವ ಕಲ್ಲು "ಟಕ್" ಎನ್ನುತ್ತದೆ. ಕೆಳಗೆ ಟೊಳ್ಳಾದ ಕಲ್ಲು ಖಾಲಿ ಡಬ್ಬಿ ತಟ್ಟಿದಂತೆ "ಡಬ್" ಎನ್ನುತ್ತದೆ. ಟೊಳ್ಳು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

5. ದುರಸ್ತಿ: ಪ್ರತಿ ಹೆಜ್ಜೆಗೂ ಒಂದು ಕಾರಣ

ಹುಡುಕುವ ಕೆಲಸ ನಿಮ್ಮದು. ಉಳಿ, ಸುತ್ತಿಗೆ, ಸಿಮೆಂಟ್ ಮುಟ್ಟುವ ಕೆಲಸ ಅಪ್ಪ, ಅಮ್ಮ, ಮಾವ ಯಾರಾದರೂ ದೊಡ್ಡವರದ್ದು. ನೀವು ಪಕ್ಕದಲ್ಲಿದ್ದು ಲೆಕ್ಕ, ಅಳತೆ, ನೀರು ಹಾಕುವುದು ನೋಡಿಕೊಳ್ಳಿ.

ಒಣಗಿಸಿ. ಮೂರು ನಾಲ್ಕು ದಿನ ಬಚ್ಚಲು ಬಳಸಬೇಡಿ. ಒಳಗೆ ನೀರು ಉಳಿದಿದ್ದರೆ ಕೆಳಗಿನ ಮೆತ್ತನೆ ಮಣ್ಣು ಗೊತ್ತಾಗುವುದಿಲ್ಲ.

ಕೆರೆಯಿರಿ. ಸಂದಿನ ಹಳೆಯ ಸಿಮೆಂಟನ್ನು ಉಳಿಯಿಂದ ಸುಮಾರು 1 ಸೆಂಟಿಮೀಟರ್ ಆಳಕ್ಕೆ ಕೆರೆದು, ಬ್ರಷ್‌ನಿಂದ ಪುಡಿ ತೆಗೆಯಿರಿ. ಧೂಳು, ಸೋಪಿನ ಜಿಡ್ಡಿನ ಮೇಲೆ ಸಿಮೆಂಟ್ ಅಂಟುವುದಿಲ್ಲ.

ಟೊಳ್ಳು ಕಲ್ಲನ್ನು ಎತ್ತಿ. 60 ಸೆಂಟಿಮೀಟರ್ ಚೌಕದ, 2.5 ಸೆಂಟಿಮೀಟರ್ ದಪ್ಪದ ಚಪ್ಪಡಿಯ ಘನಫಲ 9000 ಘನ ಸೆಂಟಿಮೀಟರ್. ಸುಣ್ಣಕಲ್ಲಿನ ಸಾಂದ್ರತೆ ಸುಮಾರು 2.7. ಹಾಗಾದರೆ ತೂಕ ಸುಮಾರು 24 ಕಿಲೋ! ಒಂದು ಅಂಚು ಎತ್ತಲು ಅರ್ಧ, ಅಂದರೆ 12 ಕಿಲೋ ಭಾರ. ಹಾರೆಯನ್ನು ಸನ್ನೆಗೋಲಿನಂತೆ ಬಳಸಿ, ಆಧಾರ ಬಿಂದುವಿನಿಂದ ಕಲ್ಲು 10 ಸೆಂಟಿಮೀಟರ್, ಕೈ 90 ಸೆಂಟಿಮೀಟರ್ ದೂರ ಇದ್ದರೆ 1.3 ಕಿಲೋ ಭಾರದಷ್ಟು ಒತ್ತಿದರೆ ಸಾಕು. ಹಳೆಯ ಗಾರೆ ಹಿಡಿದಿದ್ದರೆ ಇನ್ನೂ ಸ್ವಲ್ಪ ಬೇಕು. ಎತ್ತಿದ ಕಲ್ಲಿನ ಕೆಳಗೆ ಬೆರಳು ಹಾಕಬೇಡಿ, ಮರದ ತುಂಡು ಇಡಿ.

ತಳ ಗಟ್ಟಿ ಮಾಡಿ. ಕೊಳೆತ ಒದ್ದೆ ಮಣ್ಣು ತೆಗೆದು, ಜಲ್ಲಿ ಮತ್ತು ಮರಳು ತುಂಬಿ ದಿಮ್ಮಿಯಿಂದ ಕುಟ್ಟಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಗಾರೆ ಕಲಸಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ತೊಳೆದ ಮರಳು. ಮೊದಲು ಒಣದಾಗಿ ಬೆರೆಸಿ, ಆಮೇಲೆ ನೀರು ಹಾಕಿ. ಉಂಡೆ ಕಟ್ಟಿದರೆ ನಿಲ್ಲಬೇಕು, ಹರಿಯಬಾರದು. ಯಾಕೆ? ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಸ್ವಲ್ಪವೇ. ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ರಂಧ್ರವಾಗಿ ಉಳಿಯುತ್ತದೆ. ಚಟುವಟಿಕೆ 1 ನೆನಪಿದೆಯಲ್ಲ? ಇವತ್ತು ಕಲಸುವಾಗ ಹೆಚ್ಚಾಗಿ ಸುರಿದ ನೀರೇ ನಾಳೆ ಸೋರುವ ನೀರಿಗೆ ದಾರಿ ಮಾಡಿಕೊಡುತ್ತದೆ. ಕಲಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಬಳಸಿ ಮುಗಿಸಿ.

ಇಳಿಜಾರು ಕೊಡಿ. ತಳಕ್ಕೆ ನೀರು ಚಿಮುಕಿಸಿ, ಸಿಮೆಂಟ್ ತಿಳಿ ಬಳಿದು, ಗಾರೆ ಹಾಸಿ ಕಲ್ಲು ಕೂರಿಸಿ. ತೂಬಿನ ಕಡೆಗೆ ಪ್ರತಿ 1 ಮೀಟರಿಗೆ 1ರಿಂದ 1.5 ಸೆಂಟಿಮೀಟರ್ ಇಳಿಜಾರು ಇರಲಿ. ರಸಮಟ್ಟ ಇಲ್ಲದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ ಬಳಸಿ. ಮೇಸ್ತ್ರಿಗಳು ಮಾಡುವುದೂ ಇದನ್ನೇ. ಕೊಳವೆಯ ಎರಡು ತುದಿಯಲ್ಲೂ ನೀರಿನ ಮಟ್ಟ ಒಂದೇ ಇರುತ್ತದೆ.

ಸಂದು ತುಂಬಿ. ಸಂದಿಗೆ ಬಿಳಿ ಸಿಮೆಂಟನ್ನು ಗಟ್ಟಿ ಹಿಟ್ಟಿನಂತೆ ಕಲಸಿ ಒತ್ತಿ ತುಂಬಿ. ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ಮಾಡಿ. ಆಗ ಅಲ್ಲಿ ನೀರು ನಿಲ್ಲುವುದಿಲ್ಲ, ಕೊಳೆಯೂ ಕೂರುವುದಿಲ್ಲ.

ನೀರು ಉಣಿಸಿ. "ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ" ಎನ್ನುವುದು ತಪ್ಪು ಕಲ್ಪನೆ. ಸಿಮೆಂಟ್ ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಇದು ಜಲೀಕರಣ, ಶಾಖ ಬಿಡುಗಡೆ ಮಾಡುವ ಬಹಿರುಷ್ಣಕ ಕ್ರಿಯೆ. ನಮ್ಮ ಬೇಸಿಗೆಯ ಬಿಸಿಲಿಗೆ ನೀರು ಬೇಗ ಆವಿಯಾದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಬಿರುಕು ಬರುತ್ತದೆ. ಆದ್ದರಿಂದ ಕೆಲಸ ಸಂಜೆ ಹೊತ್ತು ಮಾಡಿ. ಮೊದಲ ದಿನ ಯಾರೂ ತುಳಿಯಬೇಡಿ. ಮಾರನೆಯ ದಿನದಿಂದ ಒದ್ದೆ ಗೋಣಿಚೀಲ ಹಾಸಿ, ಕಡಿಮೆ ಅಂದರೂ ಏಳು ದಿನ ಅದು ಒಣಗದಂತೆ ನೋಡಿಕೊಳ್ಳಿ. ಇದಕ್ಕೆ ಕೊಡಗಟ್ಟಲೆ ನೀರು ಬೇಡ, ದಿನಕ್ಕೆ ಎರಡು ಮೂರು ಸಲ ಚಿಮುಕಿಸಿದರೆ ಸಾಕು.

ಏಳು ದಿನ ಆದ ಮೇಲೆ ಪರೀಕ್ಷೆ ಆ ಮತ್ತೆ ಮಾಡಿ. ಮೊದಲಿನ ಅಳತೆ ಜೊತೆ ಹೋಲಿಸಿ. ದುರಸ್ತಿ ಸರಿಯಾಯಿತೇ ಎಂದು ಹೇಳಬೇಕಾದ್ದು ಆ ಅಳತೆ.

6. ಆ್ಯಸಿಡ್ ಬೇಡವೇ ಬೇಡ

ನೆಲದ ಕಲೆ ಹೋಗಲೆಂದು ಎಷ್ಟೋ ಮನೆಗಳಲ್ಲಿ ಬಚ್ಚಲಿಗೆ ಆ್ಯಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಕಡಪ ಕಲ್ಲು ಯಾವುದು ಎಂದು ಮೊದಲೇ ನೋಡಿದೆವು, ಕ್ಯಾಲ್ಸಿಯಂ ಕಾರ್ಬೊನೇಟ್. ಈಗ ಸಮೀಕರಣ ಬರೆಯಿರಿ:

ಕ್ಯಾಲ್ಸಿಯಂ ಕಾರ್ಬೊನೇಟ್ + ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್

ನೊರೆ ಬಂದಾಗ "ಕೊಳೆ ಹೋಗ್ತಿದೆ" ಅಂದುಕೊಳ್ಳುತ್ತೇವೆ. ಹೋಗುತ್ತಿರುವುದು ಕಲ್ಲು ಮತ್ತು ಸಂದಿನ ಸಿಮೆಂಟ್! ಪ್ರತಿ ಸಲವೂ ಸಂದು ಸ್ವಲ್ಪ ಆಳವಾಗುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಇಲ್ಲದ ಸಣ್ಣ ಬಚ್ಚಲಲ್ಲಿ ಇದು ಪ್ರಾಣಕ್ಕೇ ಕುತ್ತು. ಎರಡನ್ನೂ ಎಂದೂ ಸೇರಿಸಬೇಡಿ. ಸೋಪಿನ ನೀರು, ತೆಂಗಿನ ನಾರಿನಿಂದ ಉಜ್ಜಿದರೆ ಸಾಕು.

ಹಸಿ ಸಿಮೆಂಟ್ ಕೂಡ ಪ್ರಬಲ ಪ್ರತ್ಯಾಮ್ಲ. ಬರಿಗೈಯಲ್ಲಿ ಕಲಸಿದರೆ ಚರ್ಮ ಸುಡುತ್ತದೆ. ರಬ್ಬರ್ ಗ್ಲೌಸ್ ಹಾಕಲೇಬೇಕು. ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು.

7. ಯಾವಾಗ ನಾವೇ ಕೈ ಹಾಕಬಾರದು?

ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಗೀಸರ್ ಇದ್ದರೆ, ಮುಟ್ಟಿದಾಗ ಜುಮ್ ಎಂದರೆ, ಮೈನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಬಚ್ಚಲು ಮಹಡಿ ಮೇಲಿದ್ದು ಕೆಳಗಿನ ಛಾವಣಿಯಿಂದ ತುಕ್ಕಿನ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದರ್ಥ. ಮಣ್ಣಿನ ಗೋಡೆ ಉಬ್ಬಿದ್ದರೆ ಅಥವಾ ಬುಡ ಕರಗಿದ್ದರೆ ಅಲ್ಲಿ ಮಲಗಬೇಡಿ. ಮಣ್ಣು ನೀರಿನಲ್ಲಿ ಏನಾಗುತ್ತದೆ ಎಂದು ನೋಡಬೇಕಾದರೆ ಒಂದು ಒಣ ಮಣ್ಣಿನ ಹೆಂಟೆಯನ್ನು ಲೋಟದ ನೀರಿಗೆ ಹಾಕಿ ಹತ್ತು ನಿಮಿಷ ಗಮನಿಸಿ. ಇಂಥ ಕೆಲಸಗಳಿಗೆ ಅನುಭವಿ ಮೇಸ್ತ್ರಿಯೇ ಬೇಕು. ನೀವು ಬರೆದಿಟ್ಟ ಪರೀಕ್ಷೆಯ ಅಳತೆಗಳನ್ನು ಅವರಿಗೆ ತೋರಿಸಿ. ಎಲ್ಲ ನೆಲವನ್ನೂ ಒಡೆಯದೆ ಬೇಕಾದ ಜಾಗ ಮಾತ್ರ ತೆಗೆಯಲು ಅದು ಸಹಾಯವಾಗುತ್ತದೆ, ಖರ್ಚೂ ಉಳಿಯುತ್ತದೆ.

ಅಭ್ಯಾಸ

1. ಒಂದು ನಲ್ಲಿ ಸೆಕೆಂಡಿಗೆ ಒಂದು ಹನಿ ಸೋರುತ್ತದೆ. 20 ಹನಿಗೆ 1 ಮಿಲಿಲೀಟರ್ ಆದರೆ ಒಂದು ದಿನಕ್ಕೆ ಎಷ್ಟು ಲೀಟರ್? ಒಂದು ವರ್ಷಕ್ಕೆ 15 ಲೀಟರಿನ ಎಷ್ಟು ಕೊಡ?
2. ಪರೀಕ್ಷೆ ಆ ಮಾಡುವಾಗ ತಟ್ಟೆ ಇಡದಿದ್ದರೆ ಯಾವ ತಪ್ಪು ತೀರ್ಮಾನಕ್ಕೆ ಬರಬಹುದು?
3. ನಿಮ್ಮ ಬಚ್ಚಲಿನ ತೂಬಿನಿಂದ ಎದುರು ಗೋಡೆಗೆ ಎಷ್ಟು ದೂರ? ಅಲ್ಲಿಗೆ ಎಷ್ಟು ಇಳಿಜಾರು ಇರಬೇಕು? ಈಗ ಎಷ್ಟಿದೆ? ಅಳೆಯಿರಿ.
4. ಒದ್ದೆ ಗೋಡೆಯ ಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಅಂಟಿಸಿ. ಹನಿಗಳು ಹಾಳೆಯ ಒಳಬದಿಯಲ್ಲಿ ಇದ್ದರೆ ಏನರ್ಥ? ಹೊರಬದಿಯಲ್ಲಿ ಇದ್ದರೆ ಏನರ್ಥ?
5. ಸಿಮೆಂಟ್ ಚೀಲವನ್ನು ಒದ್ದೆ ನೆಲದ ಮೇಲೆ ಯಾಕೆ ಇಡಬಾರದು? ಜಲೀಕರಣದ ಆಧಾರದ ಮೇಲೆ ವಿವರಿಸಿ.

ಉತ್ತರಗಳನ್ನು ಅಳತೆಗಳ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.